ನೋಯುವ ಹಲ್ಲು: ಕೀಳಿಸೋದಾ, ಉಳಿಸಿಕೊಳ್ಳೋದಾ?

ರಾತ್ರಿ ಒಂದೂವರೆ ಗಂಟೆ. ಎಚ್ಚರವಾಗಿ ಎದ್ದು ಬಂದರೆ ಅಡುಗೆಮನೆಯಲ್ಲಿ ಅಮ್ಮ ಕೂತಿದ್ದರು. ಪಕ್ಕದಲ್ಲಿ ಫ್ರಿಜ್ ನೀರಿನ ಚೊಂಬು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಎಡಗಡೆ ದವಡೆಯಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದರು. ನೀರು ಬೆಚ್ಚಗಾಗುತ್ತಿದ್ದ ಹಾಗೆ ಉಗಿದು ಮತ್ತೊಂದು ಗುಟುಕು. ಹನ್ನೊಂದು ಗಂಟೆಯಿಂದ ಇದೇ ನಡೆದಿತ್ತಂತೆ. ನನ್ನನ್ನು ನೋಡಿ, "ಬೆಳಗ್ಗೆ ಹೋಗಿ ಕೀಳಿಸಿ ಬಿಸಾಕ್ತೀನಿ ಕಣೋ, ಇದರ ಸಹವಾಸವೇ ಬೇಡ" ಅಂದರು.

ಐದು ವರ್ಷದ ಹಿಂದೆ ಬಲಗಡೆಯ ದವಡೆ ಹಲ್ಲಿಗೂ ಹೀಗೇ ಆಗಿತ್ತು. ಆಗಲೂ ರಾತ್ರಿಯೆಲ್ಲ ನಿದ್ದೆಗೆಟ್ಟು, ಬೆಳಗಾಗುತ್ತಲೇ ಹೋಗಿ ಕೀಳಿಸಿಕೊಂಡು ಬಂದಿದ್ದರು. ಅವತ್ತಿನಿಂದ ಅವರು ಅಗಿಯುವುದು ಎಡಗಡೆ ಮಾತ್ರ. ಈಗ ಅಲ್ಲಿಯದ್ದನ್ನೂ ಕೀಳಿಸಿದರೆ ರೊಟ್ಟಿ ಅಗಿಯುವುದು ಯಾವ ಕಡೆ?

ಬೆಳಗ್ಗೆ ಡಾಕ್ಟರ್ ಬಾಯಿ ನೋಡಿ, ಎಕ್ಸ್-ರೇ ತೆಗೆದು ಹೀಗೆ ಹೇಳಿದರು: "ಅಮ್ಮಾ, ನೋವು ಬೇರೆ, ಹಲ್ಲು ಬೇರೆ. ನೋವನ್ನ ಇವತ್ತೇ ನಿಲ್ಲಿಸ್ತೀನಿ. ಹಲ್ಲನ್ನ ಏನು ಮಾಡೋದು ಅಂತ ಮುಂದಿನ ವಾರ ಕೂತು ಮಾತಾಡೋಣ."

ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ನಮ್ಮಲ್ಲಿ ಹೆಚ್ಚಿನವರು ಈ ಎರಡನ್ನೂ ಒಂದೇ ಅಂದುಕೊಳ್ಳುತ್ತೇವೆ. ನೋವು ತಡೆಯಲಾಗುತ್ತಿಲ್ಲ ಅಂದರೆ ಹಲ್ಲು ಕೆಟ್ಟುಹೋಗಿದೆ, ಕೀಳಿಸಲೇಬೇಕು ಅಂತ ತೀರ್ಮಾನ ಮಾಡಿಬಿಡುತ್ತೇವೆ. ಆದರೆ ಜೀವ ಹಿಂಡುವ ಹಾಗೆ ನೋಯುವ ಹಲ್ಲು ಎಷ್ಟೋ ಸಲ ಚೆನ್ನಾಗಿ ಉಳಿಯುತ್ತದೆ. ಒಂಚೂರೂ ನೋಯದ ಹಲ್ಲು ಕೀಳದೆ ವಿಧಿಯಿಲ್ಲ ಅನ್ನುವ ಸ್ಥಿತಿಗೆ ಬಂದಿರಬಹುದು. ಹಾಗಾದರೆ ಯಾವುದನ್ನು ನೋಡಿ ತೀರ್ಮಾನ ಮಾಡಬೇಕು?

ಹಲ್ಲಿನ ಒಳಗೆ

ತೆಂಗಿನಕಾಯಿ ನೆನಪಿಸಿಕೊಳ್ಳಿ. ಹೊರಗೆ ಗಟ್ಟಿ ಕರಟ, ಒಳಗೆ ಕಾಯಿ, ನಡುವೆ ನೀರು. ಹಲ್ಲೂ ಹಾಗೇ. ಹೊರಗಿನ ಬಿಳಿ ಪದರ ಎನಾಮೆಲ್. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬೇರೆ ಇಲ್ಲ, ಮೂಳೆಯೂ ಅಷ್ಟು ಗಟ್ಟಿಯಿಲ್ಲ. ಅದರ ಒಳಗೆ ಸ್ವಲ್ಪ ಮೆದುವಾದ, ಹಳದಿ ಬಣ್ಣದ ಡೆಂಟಿನ್. ನಡುವಿನ ಟೊಳ್ಳಿನಲ್ಲಿ ಪಲ್ಪ್, ಅಂದರೆ ನರ ಮತ್ತು ರಕ್ತನಾಳಗಳಿರುವ ಮೆತ್ತನೆಯ ತಿರುಳು. ಈ ತಿರುಳು ಸಣ್ಣ ಕಾಲುವೆಗಳ ಮೂಲಕ ಬೇರಿನ ತುದಿಯವರೆಗೂ ಇಳಿದಿರುತ್ತದೆ.

ಬೆರಳಿಗೆ ಗಾಯವಾದರೆ ಊದಿಕೊಳ್ಳುತ್ತದೆ, ಅಲ್ವಾ? ಹಲ್ಲಿನ ತಿರುಳಿಗೆ ಊದಿಕೊಳ್ಳಲು ಜಾಗವೇ ಇಲ್ಲ. ಸುತ್ತಲೂ ಗಟ್ಟಿ ಗೋಡೆ. ಹುಳುಕು ಹತ್ತಿರ ಬಂದು ತಿರುಳು ಕೆರಳಿದಾಗ ಒಳಗೆ ಒತ್ತಡ ಏರುತ್ತದೆ. ಇಷ್ಟು ಸಣ್ಣ ಜಾಗದಿಂದ ಅಷ್ಟು ದೊಡ್ಡ ನೋವು ಬರುವುದು ಅದಕ್ಕೇ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುತ್ತದೆ, ಹಲ್ಲಿನೊಳಗೂ ಹೆಚ್ಚುತ್ತದೆ. ಹಗಲು ಹೇಗೋ ತಡೆದುಕೊಂಡಿದ್ದ ನೋವು ರಾತ್ರಿ ದಿಂಬಿಗೆ ತಲೆ ಕೊಟ್ಟ ಕೂಡಲೇ ಏಳುವುದು ಹೀಗೆ.

ನೋವು ಹೇಗಿದೆ ಅನ್ನುವುದರಿಂದ ತಿರುಳಿನ ಸ್ಥಿತಿ ಸುಮಾರಾಗಿ ಗೊತ್ತಾಗುತ್ತದೆ. ಐಸ್‌ಕ್ರೀಮ್ ತಗುಲಿದಾಗ ಜುಮ್ ಅಂದು ಎರಡು-ಮೂರು ಸೆಕೆಂಡಿಗೆ ಹೋಗಿಬಿಟ್ಟರೆ ತಿರುಳು ಇನ್ನೂ ಚೇತರಿಸಿಕೊಳ್ಳಬಲ್ಲದು. ಹುಳುಕು ತೆಗೆದು ಸಿಮೆಂಟ್ ತುಂಬಿದರೆ ಎಷ್ಟೋ ಸಲ ಸಾಕು. ಈ ಹಂತದಲ್ಲಿ ಹೋದವರಿಗೆ ಕೀಳಿಸೋದಾ ಉಳಿಸೋದಾ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಆದರೆ ತಣ್ಣನೆಯದು ತಗುಲಿ ಹೋದ ಮೇಲೂ ನೋವು ನಿಮಿಷಗಟ್ಟಲೆ ನಿಂತರೆ, ಸುಮ್ನೆ ಕೂತಿದ್ದಾಗಲೂ ತಾನಾಗಿ ಶುರುವಾದರೆ, ಬಿಸಿ ಕಾಫಿ ಕುಡಿದಾಗ ಜಾಸ್ತಿಯಾದರೆ, ಅಷ್ಟು ಹೊತ್ತಿಗೆ ತಿರುಳು ವಾಪಸ್ ಬರದಷ್ಟು ಕೆಟ್ಟಿರುತ್ತದೆ. ಅಮ್ಮ ತಣ್ಣೀರು ಹಿಡಿದು ಕೂತದ್ದನ್ನು ಹೇಳಿದ ಕೂಡಲೇ ಡಾಕ್ಟರ್ ತಲೆಯಾಡಿಸಿದ್ದರು. ಬಿಸಿಗೆ ಏರಿ ತಣ್ಣೀರಿಗೆ ಇಳಿಯುವ ನೋವು ಸಾಯುತ್ತಿರುವ ತಿರುಳಿನ ಗುರುತು.

ಆಮೇಲೆ ಒಂದು ದಿನ ನೋವು ಇದ್ದಕ್ಕಿದ್ದ ಹಾಗೆ ನಿಂತುಬಿಡುತ್ತದೆ. "ಲವಂಗ ಇಟ್ಟೆ, ಸರಿಹೋಯ್ತು" ಅಂತ ನಾವು ಮರೆತುಬಿಡುತ್ತೇವೆ. ದಯವಿಟ್ಟು ಇದನ್ನು ಗಮನಿಸಿ. ನರ ಸತ್ತಿದ್ದರಿಂದ ನೋವು ನಿಂತಿದೆ, ಕಾಯಿಲೆ ನಿಂತಿಲ್ಲ. ಸತ್ತ ತಿರುಳಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಬೇರಿನ ತುದಿಯಿಂದ ಮೂಳೆಗೆ ಇಳಿಯುತ್ತದೆ. ಕೆಲವು ವಾರವೋ ತಿಂಗಳೋ ಬಿಟ್ಟು ಕಚ್ಚಿದರೆ ನೋವು, ಆ ಹಲ್ಲೊಂದೇ ಎತ್ತರವಾದ ಹಾಗೆ ಅನ್ನಿಸುವುದು, ವಸಡಿನ ಮೇಲೆ ಕೀವಿನ ಗುಳ್ಳೆ, ಇವೆಲ್ಲ ಬರುತ್ತವೆ.

ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ನಿಜವಾಗಿಯೂ ನರವನ್ನು ಮರಗಟ್ಟಿಸುತ್ತದೆ. ಒಂದು ರಾತ್ರಿ ದೂಡಲು ಅದು ಸಾಕು. ಆದರೆ ಹೊಗೆಸೊಪ್ಪು ಒತ್ತಿಟ್ಟುಕೊಳ್ಳುವುದು, ಆಸ್ಪಿರಿನ್ ಮಾತ್ರೆಯನ್ನು ವಸಡಿನ ಮೇಲೆ ಇಟ್ಟುಕೊಳ್ಳುವುದು ಬೇಡ. ವಸಡು ಸುಟ್ಟು ಇನ್ನೊಂದು ಗಾಯವಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಆಂಟಿಬಯಾಟಿಕ್ ನುಂಗುವುದೂ ಬೇಡ. ತಿರುಳು ಕೆರಳಿದ ನೋವಿಗೆ ಅದು ಕೆಲಸ ಮಾಡುವುದಿಲ್ಲ. ತಿರುಳು ಸತ್ತ ಮೇಲಂತೂ ಅಲ್ಲಿಗೆ ರಕ್ತವೇ ಹರಿಯುವುದಿಲ್ಲ, ಔಷಧಿ ತಲುಪುವುದಾದರೂ ಹೇಗೆ?

ತಿರುಳು ಸತ್ತರೂ ಹಲ್ಲು ಯಾಕೆ ಉಳಿಯುತ್ತದೆ

ಇಲ್ಲೇ ಹೆಚ್ಚಿನವರಿಗೆ ಗೊಂದಲ. ನರ ಸತ್ತ ಮೇಲೆ ಹಲ್ಲೂ ಸತ್ತಂತೆ, ಇಟ್ಟುಕೊಂಡು ಏನು ಮಾಡೋದು ಅಂತ ಕೇಳುತ್ತಾರೆ. ಬೆಳೆದ ಹಲ್ಲಿಗೆ ನಿಂತಿರಲು ಒಳಗಿನ ತಿರುಳು ಬೇಕಿಲ್ಲ. ಬೇರನ್ನು ಮೂಳೆಗೆ ಕಟ್ಟಿಟ್ಟಿರುವುದು ಹೊರಗಡೆಯ ಸಣ್ಣ ಸಣ್ಣ ನಾರುಗಳು. ಅವಕ್ಕೆ ರಕ್ತ ಮೂಳೆಯ ಕಡೆಯಿಂದ ಬರುತ್ತದೆ. ಒಳಗಿನ ಕೊಳೆತ ತಿರುಳು ತೆಗೆದು, ಸ್ವಚ್ಛ ಮಾಡಿ, ಗಾಳಿಯಾಡದ ಹಾಗೆ ಮುಚ್ಚಿದರೆ ಹಲ್ಲು ತನ್ನ ಜಾಗದಲ್ಲಿ ನಿಂತು ಕೆಲಸ ಮಾಡುತ್ತದೆ. ರೂಟ್ ಕೆನಾಲ್ ಅಂದರೆ ಇಷ್ಟೇ.

ಹಾಗಾಗಿ ಉಳಿಸಬಹುದೋ ಇಲ್ಲವೋ ಅನ್ನುವುದನ್ನು ಹೇಳುವುದು ಗೋಡೆ ಮತ್ತು ಅಡಿಪಾಯ. ಒಳಗಿನ ನರವಲ್ಲ.

ಮೊದಲು ಗೋಡೆ. ಹುಳುಕನ್ನೆಲ್ಲ ಕೆರೆದು ತೆಗೆದ ಮೇಲೆ ವಸಡಿನಿಂದ ಮೇಲಕ್ಕೆ ಎಷ್ಟು ಗಟ್ಟಿ ಹಲ್ಲು ಉಳಿಯುತ್ತದೆ? ಸುತ್ತಲೂ ಸುಮಾರು 2 ಮಿಲಿಮೀಟರ್ ಎತ್ತರದ ಆರೋಗ್ಯವಾದ ಗೋಡೆ ಇರಬೇಕು ಅನ್ನುವುದು ದಂತವೈದ್ಯರ ಲೆಕ್ಕ. ಒನಕೆಯ ತುದಿಗೆ ಕಬ್ಬಿಣದ ಬಳೆ ಹಾಕಿರುತ್ತಾರಲ್ಲ, ಕುಟ್ಟುವಾಗ ಮರ ಸೀಳದಿರಲಿ ಅಂತ? ಹಲ್ಲಿನ ಮೇಲೆ ಟೊಪ್ಪಿಯ ಹಾಗೆ ಕೂರಿಸುವ ಕ್ಯಾಪ್ ಹಲ್ಲನ್ನು ಹಿಡಿದುಕೊಳ್ಳುವುದು ಹಾಗೇ. ಬಳೆ ಹಿಡಿಯಲು ಮರವೇ ಇಲ್ಲದಿದ್ದರೆ ಹಾಕಿ ಏನು ಪ್ರಯೋಜನ? ವಸಡಿನ ಮಟ್ಟಕ್ಕೆ ಮುರಿದುಹೋದ ಹಲ್ಲಿಗೆ ಒಳಗೆ ಕಡ್ಡಿ ನಿಲ್ಲಿಸಿ ಕಟ್ಟುವುದುಂಟು. ಆದರೆ ಅದು ಎಷ್ಟು ದಿನ ನಿಲ್ಲಬಹುದು ಅಂತ ಬಾಯಿಬಿಟ್ಟು ಕೇಳಿ ತಿಳಿದುಕೊಂಡೇ ಮುಂದುವರಿಯಬೇಕು.

ಆಮೇಲೆ ಅಡಿಪಾಯ. ಬೇರಿನ ಸುತ್ತ ಮೂಳೆ ಇದೆಯಾ? ಅಳತೆ ಗುರುತಿರುವ ತೆಳ್ಳನೆಯ ಕಡ್ಡಿಯನ್ನು ಡಾಕ್ಟರ್ ವಸಡಿನ ಸಂದಿಗೆ ಇಳಿಸಿ ನೋಡುವುದು ಇದಕ್ಕೇ. ವಸಡಿನ ಕಾಯಿಲೆಯಿಂದ ಮೂಳೆ ಕರಗಿ ಹಲ್ಲು ಎಲ್ಲ ಕಡೆಗೂ ಅಲ್ಲಾಡುತ್ತಿದ್ದರೆ ರೂಟ್ ಕೆನಾಲ್ ಮಾಡಿಸಿ ಉಪಯೋಗವಿಲ್ಲ. ಆದರೆ ಬೇರಿನ ತುದಿಯಲ್ಲಿ ಎಕ್ಸ್-ರೇಯಲ್ಲಿ ಕಪ್ಪಗೆ ಕಾಣುವ ಕೀವಿನ ಜಾಗ ಬೇರೆ ವಿಷಯ. ಅದನ್ನು ನೋಡಿ ಹೆದರಬೇಡಿ. ಒಳಗೆ ಸರಿಯಾಗಿ ಸ್ವಚ್ಛವಾದರೆ ಅಲ್ಲಿ ಮೂಳೆ ಮತ್ತೆ ತುಂಬಿಕೊಳ್ಳುತ್ತದೆ. ತಿಂಗಳುಗಳು ಹಿಡಿಯಬಹುದು, ಕೆಲವರಿಗೆ ವರ್ಷವೂ ಆಗಬಹುದು.

ಮೂರನೆಯದು ಬಿರುಕು. ಹಲ್ಲಿನ ತಲೆಯಲ್ಲಷ್ಟೇ ಇರುವ ಬಿರುಕಿಗೆ ಕ್ಯಾಪ್ ಹಾಕಿ ನೋಡಬಹುದು. ಬೇರಿನ ಉದ್ದಕ್ಕೂ ಸೀಳಿದ್ದರೆ ಕೀಳುವುದೇ ದಾರಿ. ಎಲೆಅಡಿಕೆ ಹಾಕಿಕೊಳ್ಳುವವರಲ್ಲಿ, ಗಟ್ಟಿ ಗೋಟಡಿಕೆ ಕಡಿಯುವವರಲ್ಲಿ ಇದರ ಅಪಾಯ ಜಾಸ್ತಿ. ಕಚ್ಚಿದಾಗಿನ ನೋವಿಗಿಂತ ಕಚ್ಚಿ ಬಿಡುವಾಗ ಚುಳಕ್ ಅನ್ನುವ ನೋವು ಬಿರುಕಿನ ಲಕ್ಷಣ. ಡಾಕ್ಟರ್ ಕೇಳುವ ಮೊದಲೇ ಹೇಳಿ. ಸಣ್ಣ ಬಿರುಕು ಎಕ್ಸ್-ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ.

ಬುದ್ಧಿ ಹಲ್ಲಿನ ಲೆಕ್ಕ ಬೇರೆ. ಅದು ತುಂಬಾ ಹಿಂದೆ ಇರುತ್ತದೆ, ಬ್ರಷ್ ತಲುಪುವುದು ಕಷ್ಟ, ಅಗಿಯಲು ಅದರ ನೆರವು ಹೆಚ್ಚು ಬೇಕಿಲ್ಲ. ಕೆಟ್ಟಿದ್ದರೆ ಕೀಳಿಸಿಬಿಡುವುದೇ ಸಾಮಾನ್ಯವಾಗಿ ಸರಿ. ಮಕ್ಕಳ ಹಲ್ಲಿನಲ್ಲಿ ಮಾತ್ರ ಎಚ್ಚರ ಬೇಕು. ಸುಮಾರು 6ನೇ ವಯಸ್ಸಿಗೆ ಹಾಲುಹಲ್ಲಿನ ಸಾಲಿನ ಹಿಂದೆ ಸದ್ದಿಲ್ಲದೆ ಒಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಉದುರಿರುವುದಿಲ್ಲ. ಹಾಗಾಗಿ ಅದೂ ಹಾಲುಹಲ್ಲೇ, ಬಿದ್ದುಹೋಗುತ್ತದೆ ಬಿಡು ಅಂತ ಮನೆಯವರು ಅಂದುಕೊಳ್ಳುತ್ತಾರೆ. ಅದು ಜೀವಮಾನದ ಹಲ್ಲು. ಹೋದರೆ ಇನ್ನೊಂದು ಬರುವುದಿಲ್ಲ.

ಅಮ್ಮನ ಹಲ್ಲು

ಮೊದಲ ದಿನ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಹಲ್ಲಿನ ತಲೆಯಲ್ಲಿ ಕಿಂಡಿ ತೆಗೆದು, ತಿರುಳು ಹೊರಗೆ ತೆಗೆದು, ಔಷಧಿ ಇಟ್ಟು ತಾತ್ಕಾಲಿಕವಾಗಿ ಮುಚ್ಚಿದರು. ಮುಕ್ಕಾಲು ಗಂಟೆಯ ಕೆಲಸ. ಅವತ್ತು ರಾತ್ರಿ ಅಮ್ಮ ನಿದ್ದೆ ಮಾಡಿದರು. ಒಂದು ಮಾತು ಇಲ್ಲಿ ಹೇಳಲೇಬೇಕು. ತುಂಬಾ ಕೆರಳಿದ ಕೆಳದವಡೆಯ ಹಲ್ಲಿಗೆ ಒಂದು ಇಂಜೆಕ್ಷನ್ ಕೆಲವು ಸಲ ಸಾಲದು. ಅಮ್ಮನಿಗೂ ಸಾಲಲಿಲ್ಲ. ಎಡಗೈ ಎತ್ತಿದರು, ಡಾಕ್ಟರ್ ನಿಲ್ಲಿಸಿ ಇನ್ನೊಂದು ಕೊಟ್ಟರು. ನೋವಾದರೆ ಹಲ್ಲು ಕಚ್ಚಿ ತಡೆದುಕೊಳ್ಳುವ ಅಗತ್ಯವಿಲ್ಲ, ಕೈ ಎತ್ತಿ.

ಈ ಮೊದಲ ಹಂತ ಮುಗಿದರೆ ತೀರ್ಮಾನಕ್ಕೆ ಕೆಲವು ದಿನ ಸಮಯ ಸಿಗುತ್ತದೆ. ಹಣ ಹೊಂದಿಸಬಹುದು, ಮನೆಯಲ್ಲಿ ಮಾತಾಡಬಹುದು, ಬೇರೆ ಡಾಕ್ಟರನ್ನೂ ಕೇಳಬಹುದು. ಆದರೆ ನೋವು ಹೋಯಿತಲ್ಲ ಅಂತ ಅಲ್ಲಿಗೇ ಬಿಡಬಾರದು. ತಾತ್ಕಾಲಿಕ ಸಿಮೆಂಟ್ ಸವೆದು ಒಳಗೆ ಎಂಜಲು ಇಳಿದರೆ ಮಾಡಿದ್ದೆಲ್ಲ ವ್ಯರ್ಥ.

ಒಂದು ವಾರ ಬಿಟ್ಟು ಮತ್ತೆ ಹೋದಾಗ ನಾನೂ ಪಕ್ಕದಲ್ಲಿ ನಿಂತಿದ್ದೆ. ಕೆಳದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಅವುಗಳಲ್ಲಿ ಮೂರು ಕಾಲುವೆ. ಕೂದಲಿಗಿಂತ ಸ್ವಲ್ಪ ದಪ್ಪದ ಲೋಹದ ಫೈಲುಗಳು. ಪ್ರತಿ ಫೈಲಿಗೂ ಒಂದು ಪುಟ್ಟ ರಬ್ಬರ್ ಬಿಲ್ಲೆ. ಕಾಲುವೆಯ ಉದ್ದ ಅಳೆದು ಬಿಲ್ಲೆಯನ್ನು ಅಲ್ಲಿಗೆ ಸರಿಸುತ್ತಾರೆ, ಬೇರಿನ ತುದಿ ದಾಟದಿರಲಿ ಅಂತ. ಫೈಲು ತಿರುಗಿಸಿ ಕೆರೆಯುವುದು, ತೊಳೆಯುವುದು, ಮತ್ತೆ ಕೆರೆಯುವುದು. ತೊಳೆಯುವ ದ್ರವ ಸೋಡಿಯಂ ಹೈಪೋಕ್ಲೋರೈಟ್. ಬಟ್ಟೆಗೆ ಹಾಕುವ ಬ್ಲೀಚಿನಲ್ಲಿರುವುದೂ ಅದೇ, ಇಲ್ಲಿ ಹದ ಬೇರೆ. ಅದು ಬಾಯಿಗೆ ಬೀಳದಿರಲಿ, ಎಂಜಲು ಹಲ್ಲಿಗೆ ಹೋಗದಿರಲಿ ಅಂತ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತಾರೆ. ಅದನ್ನು ರಬ್ಬರ್ ಡ್ಯಾಮ್ ಅನ್ನುತ್ತಾರೆ. ಹಾಕುತ್ತೀರಾ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಕೊನೆಗೆ ತುಂಬುವ ಗುಲಾಬಿ ಬಣ್ಣದ ಕಡ್ಡಿಗಳ ಹೆಸರು ಗಟ್ಟಾ ಪರ್ಚಾ, ಮಲಯ ಕಡೆಯ ಒಂದು ಮರದ ಹಾಲಿನಿಂದ ಬಂದದ್ದು.

ಅಷ್ಟಕ್ಕೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಕ್ಯಾಪ್. ನಮ್ಮ ಚಿಕ್ಕಪ್ಪ ಇಲ್ಲೇ ಎಡವಿದ್ದು. ರೂಟ್ ಕೆನಾಲ್ ಮಾಡಿಸಿದರು, ನೋವು ಹೋಯಿತು, ಕ್ಯಾಪಿಗೆ ಮುಂದಿನ ತಿಂಗಳು ನೋಡೋಣ ಅಂದರು. ಎಂಟು ತಿಂಗಳಾಯಿತು. ಗೌರಿ ಹಬ್ಬದ ದಿನ ಚಕ್ಕುಲಿ ಕಡಿದಾಗ ಹಲ್ಲು ಕಟಕ್ ಅಂತು. ಸೀಳು ಬೇರಿನವರೆಗೆ ಇಳಿದಿತ್ತು. ಕೀಳಿಸಬೇಕಾಯಿತು, ಮೊದಲು ಹಾಕಿದ ದುಡ್ಡೂ ಹೋಯಿತು. ಹುಳುಕು ತೆಗೆದು, ಕಿಂಡಿ ಕೊರೆದ ದವಡೆ ಹಲ್ಲಿನ ಗೋಡೆಗಳು ತೆಳ್ಳಗಾಗಿರುತ್ತವೆ. ಅದಕ್ಕೇ ಕ್ಯಾಪ್. ಸರಿಯಾಗಿ ಮಾಡಿ ಕ್ಯಾಪ್ ಹಾಕಿಸಿದರೆ ಹತ್ತರಲ್ಲಿ ಎಂಟು-ಒಂಬತ್ತು ಹಲ್ಲು ಎಂಟು-ಹತ್ತು ವರ್ಷದ ನಂತರವೂ ಬಾಯಲ್ಲಿ ಇರುತ್ತವೆ.

ದುಡ್ಡಿನ ಮಾತು

ಕೀಳಿಸಲು ನೂರುಗಳ ಲೆಕ್ಕ. ರೂಟ್ ಕೆನಾಲ್ ಮತ್ತು ಕ್ಯಾಪ್ ಸೇರಿ ಸಾವಿರಗಳ ಲೆಕ್ಕ. ಇದು ಸಣ್ಣ ವ್ಯತ್ಯಾಸವಲ್ಲ. ದಿನಗೂಲಿಯವರಿಗೆ ಮೂರು ಸಲ ಬಂದುಹೋಗುವುದೂ ಖರ್ಚೇ, ಕೆಲಸ ಬಿಟ್ಟು ಬರಬೇಕು.

ಆದರೆ ಕೀಳಿಸಿದ ಮೇಲಿನ ಖರ್ಚನ್ನೂ ಜೊತೆಗಿಟ್ಟು ನೋಡಬೇಕು. ಅಮ್ಮನ ಬಲಗಡೆಯದ್ದೇ ಉದಾಹರಣೆ. ಕೆಳಗಿನ ಹಲ್ಲು ಹೋದ ಮೇಲೆ ಅದರ ಮೇಲಿನ ಹಲ್ಲಿಗೆ ಎದುರು ಒತ್ತಡ ಇಲ್ಲದಾಯಿತು. ಅದು ಮೆಲ್ಲಗೆ ಕೆಳಗಿಳಿದಿದೆ. ಹಿಂದಿನ ಹಲ್ಲು ಖಾಲಿ ಜಾಗದ ಕಡೆ ವಾಲಿದೆ, ಸಂದಿಯಲ್ಲಿ ದಿನಾ ತೊಗರಿಬೇಳೆ ಸಿಕ್ಕಿಕೊಳ್ಳುತ್ತದೆ. ಹಲ್ಲಿದ್ದ ಕಡೆಯ ಮೂಳೆ ಕುಗ್ಗಿದೆ. ಎಲ್ಲರಿಗೂ ಇಷ್ಟೇ ಆಗುತ್ತದೆ ಅಂತಲ್ಲ, ಕೆಲವರಿಗೆ ವರ್ಷಗಟ್ಟಲೆ ಏನೂ ತೊಂದರೆ ಬರುವುದಿಲ್ಲ. ಆದರೆ ಆ ಜಾಗ ತುಂಬಬೇಕು ಅಂತ ಹೊರಟರೆ ಬ್ರಿಡ್ಜಿಗೆ, ಅಂದರೆ ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ಕಟ್ಟುವ ಹಲ್ಲಿಗೆ, ಆ ಒಳ್ಳೆಯ ಹಲ್ಲುಗಳನ್ನೂ ಅರೆಯಬೇಕು. ಇಂಪ್ಲಾಂಟ್ ಅಂದರೆ ಮೂಳೆಗೆ ಟೈಟಾನಿಯಂ ಸ್ಕ್ರೂ ಕೂರಿಸಿ, ಅದು ಕೂಡಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾದು, ಮೇಲೆ ಹಲ್ಲು ಕಟ್ಟುವುದು. ಒಳ್ಳೆಯ ಚಿಕಿತ್ಸೆ, ಆದರೆ ಸಾಮಾನ್ಯವಾಗಿ ರೂಟ್ ಕೆನಾಲ್ ಮತ್ತು ಕ್ಯಾಪಿಗಿಂತ ದುಬಾರಿ. ತೆಗೆದು ಹಾಕುವ ಹಲ್ಲು ಅಗ್ಗ, ಆದರೆ ಒಂದೇ ಹಲ್ಲಿಗೆ ಅದನ್ನು ಹಾಕಿಕೊಂಡು ಓಡಾಡುವವರು ಕಡಿಮೆ.

ದಂತ ಕಾಲೇಜುಗಳನ್ನು ಮರೆಯಬೇಡಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜು ಇದೆ. ಮೈಸೂರು, ಧಾರವಾಡ, ಬೆಳಗಾವಿ, ದಾವಣಗೆರೆ, ಮಂಗಳೂರು, ಮಣಿಪಾಲದಲ್ಲೂ ದಂತ ಕಾಲೇಜುಗಳಿವೆ. ವಿದ್ಯಾರ್ಥಿಗಳು ಪ್ರೊಫೆಸರ್ ಕಣ್ಣೆದುರು ಮಾಡುತ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತದೆ, ಖರ್ಚು ಹೊರಗಿನ ಕ್ಲಿನಿಕ್ಕಿಗಿಂತ ಸಾಮಾನ್ಯವಾಗಿ ಕಡಿಮೆ.

ಕ್ಯಾಪಿನವರೆಗೂ ಹೋಗಲು ಹಣ ಹೊಂದುವುದಿಲ್ಲ ಅಂತ ಮೊದಲೇ ಗೊತ್ತಿದ್ದರೆ ಅದನ್ನು ಮೊದಲ ದಿನವೇ ಡಾಕ್ಟರಿಗೆ ಹೇಳಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಅರ್ಧಕ್ಕೆ ನಿಂತ ರೂಟ್ ಕೆನಾಲ್‌ಗಿಂತ ಯೋಚನೆ ಮಾಡಿ ಕೀಳಿಸಿದ್ದೇ ಮೇಲು. ಮುಂದಿನ ಹಲ್ಲು, ಮೊದಲ ದವಡೆ ಹಲ್ಲು, ಆ ಬದಿಯಲ್ಲಿ ಅಗಿಯಲು ಇರುವ ಒಂದೇ ಹಲ್ಲು, ಇವುಗಳಿಗೆ ಕಷ್ಟಪಟ್ಟಾದರೂ ಹಣ ಹಾಕಬೇಕು ಅನ್ನುವುದು ನನ್ನ ಅಭಿಪ್ರಾಯ. ಎರಡನೇ ದವಡೆ ಹಲ್ಲು, ಎದುರಿನ ಹಲ್ಲು ಮೊದಲೇ ಹೋಗಿದೆ ಅಂದರೆ ಅಷ್ಟು ಒತ್ತಾಯ ಮಾಡಲಾರೆ.

ಮೈಯ ಬೇರೆ ಕಾಯಿಲೆಗಳು

ಕೆಲವರಿಗೆ ಕೀಳಿಸುವುದೇ ಅಪಾಯ. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುವ ಹಿರಿಯರಿದ್ದಾರೆ. ಆ ಔಷಧಿಗಳಲ್ಲಿ ಕೆಲವು ಇದ್ದಾಗ ಹಲ್ಲು ಕಿತ್ತ ಜಾಗದ ಮೂಳೆ ಅಪರೂಪಕ್ಕೆ ವಾಸಿಯಾಗದೆ ಉಳಿಯುತ್ತದೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ರೇಡಿಯೇಶನ್ ಆದವರಿಗೆ ಈ ಅಪಾಯ ಇನ್ನೂ ದೊಡ್ಡದು. ಇಂಥವರ ಹಲ್ಲನ್ನು ಸಾಧ್ಯವಾದಷ್ಟು ಉಳಿಸಲೇ ನೋಡುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಹಲ್ಲು ಕೀಳಿಸಬೇಕು ಅಂತ ತಾವಾಗಿಯೇ ಅದನ್ನು ನಿಲ್ಲಿಸಬಾರದು. ಕವಾಟ ಬದಲಿಸಿದವರು ಅದನ್ನು ಮೊದಲೇ ಹೇಳಬೇಕು, ಅವರಿಗೆ ಮುಂಚಿತವಾಗಿ ಆಂಟಿಬಯಾಟಿಕ್ ಕೊಡುವುದುಂಟು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯ ಮಾಯುವುದು ನಿಧಾನ. ಬಸುರಿಯರಿಗೆ ನಡುವಿನ ಮೂರು ತಿಂಗಳು ಅನುಕೂಲದ ಕಾಲ, ಆದರೆ ಕೀವಾಗಿದ್ದರೆ ಯಾವ ತಿಂಗಳಾದರೂ ಕಾಯಬಾರದು.

ಗುಟ್ಕಾ, ಅಡಿಕೆ ಜಗಿದು ಬಾಯಿ ಎರಡು ಬೆರಳಗಲವೂ ತೆರೆಯದಂತಾದವರ ಕಷ್ಟ ಬೇರೆ. ಹಿಂದಿನ ಹಲ್ಲಿಗೆ ಫೈಲು ಇಳಿಸಲು ಜಾಗವೇ ಸಿಗುವುದಿಲ್ಲ.

ಮತ್ತೆ ಇದನ್ನು ಮಾತ್ರ ಮರೆಯಬೇಡಿ. ಕೆನ್ನೆ ಅಥವಾ ಗದ್ದದ ಕೆಳಗೆ ಊತ ಹರಡುತ್ತಿದೆ, ಜ್ವರವಿದೆ, ನುಂಗಲು ಆಗುತ್ತಿಲ್ಲ, ಬಾಯಿ ತೆರೆಯುತ್ತಿಲ್ಲ, ನಾಲಿಗೆ ಮೇಲೆದ್ದ ಹಾಗಿದೆ ಅಂದರೆ ಕ್ಲಿನಿಕ್ಕಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಆ ಊತ ಉಸಿರಿನ ದಾರಿಯನ್ನೇ ಮುಚ್ಚಬಲ್ಲದು. ನಡೆದಾಗ, ಮೆಟ್ಟಿಲು ಹತ್ತಿದಾಗ ಮಾತ್ರ ಕೆಳದವಡೆ ನೋಯುತ್ತದೆ, ಜೊತೆಗೆ ಬೆವರುತ್ತದೆ ಅಂದರೂ ಹಾಗೇ. ಅದು ಹಲ್ಲಿನ ನೋವಾಗಿರದೆ ಹೃದಯದ್ದಾಗಿರಬಹುದು.

ಕಿವಿಗೆ ಬೀಳುವ ಮಾತುಗಳು

ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಅಂತ ನಮ್ಮ ಅಜ್ಜಿ ಕೊನೆಯವರೆಗೂ ನಂಬಿದ್ದರು. ಕೀವು ತುಂಬಿದ ಹಲ್ಲನ್ನು ವರ್ಷಗಟ್ಟಲೆ ಹಾಗೇ ಇಟ್ಟುಕೊಂಡಿದ್ದರು. ನೋಟದ ನರ ಬೇರೆ, ಹಲ್ಲಿನ ನರ ಬೇರೆ. ಹಲ್ಲು ಕಿತ್ತರೆ ಕಣ್ಣಿನ ದೃಷ್ಟಿ ಹೋಗುವುದಿಲ್ಲ.

ಇತ್ತೀಚೆಗೆ ವಾಟ್ಸಾಪಿನಲ್ಲಿ ಇದಕ್ಕೆ ಉಲ್ಟಾ ಮಾತು ಓಡಾಡುತ್ತದೆ. ರೂಟ್ ಕೆನಾಲ್ ಮಾಡಿದ ಹಲ್ಲಿನಿಂದ ದೊಡ್ಡ ದೊಡ್ಡ ಕಾಯಿಲೆ ಬರುತ್ತದೆ, ಕೀಳಿಸಿಬಿಡಿ ಅಂತ. ಇದು ನೂರು ವರ್ಷ ಹಳೆಯ ವಾದ. 1910ರಲ್ಲಿ ವಿಲಿಯಂ ಹಂಟರ್ ಅನ್ನುವ ಬ್ರಿಟಿಷ್ ವೈದ್ಯರು ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾಡಿದ ಭಾಷಣ ಇದಕ್ಕೆ ಬಲ ಕೊಟ್ಟಿತು. ಆಮೇಲೆ ಅಮೆರಿಕದ ವೆಸ್ಟನ್ ಪ್ರೈಸ್ ಅನ್ನುವ ದಂತವೈದ್ಯರು ಕಿತ್ತ ಹಲ್ಲುಗಳನ್ನು ಮೊಲಗಳ ಚರ್ಮದಡಿ ಇಟ್ಟು ಕಾಯಿಲೆ ಬರುತ್ತದೆ ಅಂದರು. ಆ ಕಾಲದಲ್ಲಿ ಲೆಕ್ಕವಿಲ್ಲದಷ್ಟು ಹಲ್ಲುಗಳನ್ನು ಸುಮ್ನೆ ಕಿತ್ತರು. ನಂತರದವರು ಸರಿಯಾಗಿ ಪರೀಕ್ಷಿಸಿದಾಗ ಆ ವಾದ ನಿಲ್ಲಲಿಲ್ಲ. ಅಷ್ಟು ಹಲ್ಲು ಕಳೆದುಕೊಂಡವರ ಮಂಡಿನೋವು, ಸುಸ್ತು ಹಾಗೇ ಉಳಿದಿತ್ತು.

ಕೀಳಿಸಿದರೆ

ಕೀಳಿಸುವುದೇ ಸರಿ ಅಂತಾದರೆ ಬೇಸರ ಬೇಡ. ಹತ್ತಿಯನ್ನು ಅರ್ಧ-ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಕೊಳ್ಳಿ. ಅವತ್ತು ಉಗಿಯಬೇಡಿ, ಬಾಯಿ ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಎಳನೀರು ಹೀರಬೇಡಿ, ಬೀಡಿ ಸಿಗರೇಟು ಮುಟ್ಟಬೇಡಿ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯದ ಮುಚ್ಚಳ. ಅದು ಕಿತ್ತುಬಂದರೆ ಎರಡು-ಮೂರು ದಿನದ ಮೇಲೆ ಕಿವಿಯವರೆಗೂ ಹೊಡೆಯುವ ನೋವು ಶುರುವಾಗುತ್ತದೆ. ಹಾಗಾದರೆ ಮಾತ್ರೆ ನುಂಗಿ ಸುಮ್ಮನಿರದೆ ವಾಪಸ್ ಹೋಗಿ, ಗುಳಿಗೆ ಔಷಧಿ ಇಡುತ್ತಾರೆ.

ಅಮ್ಮನ ಎಡಗಡೆ ಹಲ್ಲಿಗೆ ಕ್ಯಾಪ್ ಕೂರಿಸಿ ಈಗ ನಾಲ್ಕು ತಿಂಗಳಾಯಿತು. ಮೊದಲ ವಾರ ಆ ಬದಿಯಲ್ಲಿ ಅಗಿಯಲು ಹೆದರುತ್ತಿದ್ದರು, ಈಗ ಮರೆತಿದ್ದಾರೆ. ಹೋದ ವಾರ ತೋರಿಸಲು ಹೋದಾಗ ಡಾಕ್ಟರ್ ಬಲಗಡೆಯ ಖಾಲಿ ಜಾಗವನ್ನು ಅಳೆದರು. ಮೇಲಿನ ಹಲ್ಲು ಇಳಿದಿರುವುದರಿಂದ ಕೆಳಗೆ ಹೊಸ ಹಲ್ಲು ಕೂರಿಸುವಷ್ಟು ಎತ್ತರ ಸಿಗುತ್ತಿಲ್ಲವಂತೆ. ಅದನ್ನು ಮೊದಲು ಸ್ವಲ್ಪ ಅರೆಯಬೇಕು. "ಅವತ್ತು ಒಂದು ವಾರ ತಡೆದಿದ್ರೆ ಆಗ್ತಿತ್ತಾ ಡಾಕ್ಟ್ರೇ?" ಅಂತ ಅಮ್ಮ ಕೇಳಿದರು. "ಅವತ್ತಿನ ಎಕ್ಸ್-ರೇ ಇದ್ಯಾ ಅಮ್ಮಾ?" ಅಂದರು ಡಾಕ್ಟರ್. ಇರಲಿಲ್ಲ. ಅವತ್ತು ಯಾರೂ ತೆಗೆದೇ ಇರಲಿಲ್ಲ.